ಗುಡುಗಿಗೆ ಈಜುಕೊಳ ಖಾಲಿ ಮಾಡಿಸಿದವನು

ಮರಳೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವನು ರಿಕ್ರಿಯೇಷನ್ ಮ್ಯಾನೇಜ್‌ಮೆಂಟ್ ಡಿಗ್ರಿ ಓದಿ, ಗುಬ್ಬಿ ರಸ್ತೆಯ ರೆಸಾರ್ಟ್ ಒಂದರಲ್ಲಿ ಮ್ಯಾನೇಜರ್ ಆಗಿದ್ದ. "ಜನಕ್ಕೆ ಆಟ ಆಡ್ಸೋಕೂ ಡಿಗ್ರಿ ಬೇಕಾ? ಫೀಸಿಗೇಂತ ಒಂದು ಸೈಟೇ ಮಾರಿದ್ವಿ, ಅಷ್ಟು ದುಡ್ಡು ಇನ್ನೂ ದುಡಿದಿಲ್ಲ ಇವ್ನು" ಎಂದು ಅವನ ತಾಯಿ ನನ್ನೆದುರೇ ಗೊಣಗುತ್ತಿದ್ದರು. ಅವನು ಕತ್ತಿನ ಸೀಟಿಯನ್ನು ಒರೆಸಿಕೊಳ್ಳುತ್ತಾ, "ನೋಡೋಣ ಬುಡಮ್ಮ" ಎನ್ನುತ್ತಿದ್ದ. ಯಾವುದಕ್ಕೂ ಅದೇ ಮಾತು.

ಒಂದು ಭಾನುವಾರ ನಾವೂ ಆ ರೆಸಾರ್ಟಿಗೆ ಹೋಗಿದ್ದೆವು. ಈಜುಕೊಳದ ತುಂಬ ಜನ, ನನ್ನ ಮಗಳೂ ನೀರಿನಲ್ಲಿದ್ದಳು. ಮಳೆಯ ಹನಿಯೂ ಇರಲಿಲ್ಲ, ದೂರದಲ್ಲಿ ಒಮ್ಮೆ ಗುಡುಗಿತು ಅಷ್ಟೆ. ಅವನು ಸೀಟಿ ಊದಿ, "ಎಲ್ರೂ ಮೇಲಕ್ಕೆ ಬನ್ನಿ, ಒಳಗೆ ನಡೀರಿ" ಎಂದು ಕೂಗಿದ. ಮಾಲೀಕ ಓಡಿಬಂದು, "ಏನ್ಲಾ, ಟಿಕೆಟ್ ದುಡ್ಡು ನಿಮ್ಮಪ್ಪ ವಾಪಸ್ ಕೊಡ್ತಾನಾ?" ಎಂದ. ಅವನು ನೀರಿನಿಂದ ಏಳಲು ಒಪ್ಪದವರನ್ನು ರಟ್ಟೆ ಹಿಡಿದು ಎಳೆದ, ಅವರಿಂದಲೂ ಬೈಸಿಕೊಂಡ.

ನಾವೆಲ್ಲ ಊಟದ ಹಾಲ್ ಸೇರಿದ ಸ್ವಲ್ಪ ಹೊತ್ತಿಗೆ ಕಣ್ಣು ಕುಕ್ಕುವ ಬೆಳಕು, ನೆಲ ಅದುರುವ ಸದ್ದು. ಕೊಳದ ಅಂಚಿನ ತೆಂಗಿನ ಮರ ನಿಂತಲ್ಲೇ ಉರಿಯುತ್ತಿತ್ತು. ಮಗಳ ಒದ್ದೆ ತಲೆಯನ್ನು ನಾನು ಎದೆಗೊತ್ತಿಕೊಂಡೆ.

ಆ ದಿನ ವಾಪಸ್ ಕೊಟ್ಟ ಟಿಕೆಟ್ ದುಡ್ಡನ್ನೆಲ್ಲ ಮಾಲೀಕ ಅವನ ಸಂಬಳದಲ್ಲಿ ಹಿಡಿದುಕೊಂಡನಂತೆ. ಅವನ ತಾಯಿ ಹೇಳಿದಾಗ ನನಗೆ ನಂಬಲಾಗಲಿಲ್ಲ. ಮೆಟ್ಟಿಲಲ್ಲಿ ಅವನನ್ನೇ ತಡೆದು ಕೇಳಿದೆ. ಹೌದೆಂದು ತಲೆಯಾಡಿಸಿದ.

"ಥೂ, ಅಂಥೋನ ಹತ್ರ ಯಾಕಪ್ಪಾ ಇರ್ತೀಯಾ? ಬಿಟ್ಟಾಕು ಕೆಲಸ!"

"ಬಿಟ್ರೆ, ಮುಂದಿನ್ ಸಲ ಗುಡುಗಿದಾಗ ಜನಾನ ನೀರಿಂದ ಯಾರು ಎಬ್ಬಿಸ್ತಾರೆ ಆಂಟಿ?" ಎಂದು ಕೇಳಿ, ಡ್ಯೂಟಿಗೆ ಹೊರಟ.