ಪಾತಾಳದ ಬೀಗದ ಕೊನೆಯ ಹಾಳೆ

ಊರಿಗಾಂನಲ್ಲಿ ಐವತ್ತು ದಾಟಿದ ಯಾವ ಗಂಡಸನ್ನಾದರೂ ನಿಲ್ಲಿಸಿ ಮುನಿಗಂಗಮ್ಮನ ಹೆಸರೆತ್ತಿ ನೋಡಿ. ಮೊದಲು ನಗುತ್ತಾನೆ, ಆಮೇಲೆ ಬೈಯುತ್ತಾನೆ. ಆ ಹೆಂಗಸು ಆಗಿನ ಹುಡುಗರಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ.

ಕಾಮಸಮುದ್ರದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಚಿನ್ನದ ಗಣಿಗಿಳಿದರೆ ಇವಳು ಕಾರ್ಮಿಕರ ಲೈನು ಮನೆಗಳ ಸಾಲಿನ ಮೂಲೆಯಲ್ಲಿ ಪೆಟ್ಟಿಗೆ ಅಂಗಡಿ ತೆರೆದು ಕೂರುತ್ತಿದ್ದಳು. ಬೀಡಿ, ಬೆಂಕಿಪೊಟ್ಟಣ, ಕಡ್ಲೆಮಿಠಾಯಿ, ಜೊತೆಗೆ ಬಟ್ಟೆ ಒಣಹಾಕಿದ ಹಾಗೆ ಹಗ್ಗದ ಮೇಲೆ ನೇತುಹಾಕಿದ ಕಾಮಿಕ್ಸ್ ಪುಸ್ತಕಗಳು. ಬಂಗಾರಪೇಟೆಯಿಂದ ಹಳೇ ಪುಸ್ತಕಗಳನ್ನು ಕಟ್ಟುಗಟ್ಟಲೆ ತರಿಸಿ ಬಾಡಿಗೆಗೆ ಬಿಡುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು ಸುರಂಗಸಿದ್ಧನ ಕಥೆಗಳು. ತಲೆಗೆ ದೀಪ ಕಟ್ಟಿಕೊಂಡು ಭೂಮಿಯೊಳಗೆ ಓಡಾಡಿ ದುಷ್ಟರನ್ನು ಹಿಡಿಯುವ ಆ ವೀರ ಗಣಿ ಕಾರ್ಮಿಕರ ಮಕ್ಕಳ ಕಣ್ಣಿಗೆ ಥೇಟ್ ಅವರಪ್ಪನ ಹಾಗೇ ಕಾಣುತ್ತಿದ್ದ. ಒಂದೇ ವ್ಯತ್ಯಾಸ, ಸಿದ್ಧ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಆಡುವ ಹುಡುಗರು ಕನ್ನಡ ಓದಲು ಕಲಿತದ್ದೂ ಅವನಿಂದಲೇ.

ತೊಂದರೆ ಏನೆಂದರೆ, ಒಯ್ದ ಪುಸ್ತಕ ವಾಪಸ್ ಬರುತ್ತಿರಲಿಲ್ಲ. ಮುನಿಗಂಗಮ್ಮ ಹುಡುಗರನ್ನು ಬೈದು ನೋಡಿದಳು, ಅವರಮ್ಮಂದಿರ ಜೊತೆ ಜಗಳ ಆಡಿ ನೋಡಿದಳು. ಕೊನೆಗೊಂದು ಮಧ್ಯಾಹ್ನ ಗಂಡನ ಶೇವಿಂಗ್ ಬ್ಲೇಡು ಹಿಡಿದು ಕೂತು, ಪ್ರತಿಯೊಂದು ಪುಸ್ತಕದ ಕೊನೆಯ ಹಾಳೆಯನ್ನೂ ಬುಡದಿಂದ ಕೊಯ್ದು ಬಿಸ್ಕತ್ತಿನ ಡಬ್ಬಿಯೊಳಗೆ ಹಾಕಿಬಿಟ್ಟಳು. ಯಾವ ಹಾಳೆ ಯಾವ ಪುಸ್ತಕದ್ದೆಂದು ತಿಳಿಯಲು ಎರಡಕ್ಕೂ ಒಂದೇ ಬಣ್ಣದ ನೂಲಿನ ತುಂಡು ಹೊಲಿದಳು. ಇನ್ನು ಮೇಲೆ ಪುಸ್ತಕ ವಾಪಸ್ ತಂದವನಿಗೆ ಮಾತ್ರ ಕೊನೆಯ ಹಾಳೆಯ ದರ್ಶನ. ಅದೂ ಅವಳು ಎತ್ತಿ ಹಿಡಿದಷ್ಟು ಹೊತ್ತು.

ಸಿದ್ಧ ಹಾಳುಬಾವಿಗೆ ಬೀಳುತ್ತಿರುವಾಗಲೇ ಪುಸ್ತಕ ಮುಗಿದುಹೋದ ಹುಡುಗರು ನಿದ್ದೆಗೆಟ್ಟು, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಾಲುಗಟ್ಟಿ ನಿಂತರು. ಜ್ವರ ಬಂದ ಮಗನನ್ನು ಹೆಗಲ ಮೇಲೆ ಹೊತ್ತು ತಂದು, ಕೊನೆಯ ಹಾಳೆ ತೋರಿಸಿಕೊಂಡು ಹೋದ ಅಪ್ಪಂದಿರೂ ಇದ್ದರು. ಮುನಿಗಂಗಮ್ಮ ಒಳಗೊಳಗೇ ಹಿಗ್ಗಿದಳು. ಅವಳು ಮಾತ್ರ ಒಂದು ಕಥೆಯನ್ನೂ ಓದಲಿಲ್ಲ. ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇತ್ತು, ಬಿಡುವಿರಲಿಲ್ಲ. ಆದರೆ ಎತ್ತಿ ಹಿಡಿದು ಹಿಡಿದು ಕೊನೆಯ ಹಾಳೆಗಳೆಲ್ಲ ಅವಳಿಗೆ ಕಣ್ಣಿಗೆ ಕಟ್ಟಿದಂತಿದ್ದವು.

ಈ ಏರ್ಪಾಟಿಗೆ ಸೋಲು ಅಂತ ಬಂದದ್ದು ಒಂದೇ ಸಲ. 'ಪಾತಾಳದ ಬೀಗ' ಎಂಬ ಪುಸ್ತಕ ಮೊದಲ ಬಾಡಿಗೆಗೆ ಹೋದದ್ದು ಹೋದದ್ದೇ. ಒಯ್ದ ಹುಡುಗನ ಮನೆಯವರು ಯಾರಿಗೂ ಹೇಳದೆ ಊರು ಬಿಟ್ಟಿದ್ದರು. ಪುಸ್ತಕ ಇಲ್ಲದ ಒಂಟಿ ಹಾಳೆ ಡಬ್ಬಿಯಲ್ಲಿ ಉಳಿಯಿತು. ಅದರಲ್ಲಿ ಸುರಂಗಸಿದ್ಧ ಕೊರಳಿಗೆ ಈರುಳ್ಳಿ ಹಾರ ಹಾಕಿಕೊಂಡು ಕತ್ತೆಯ ಮೇಲೆ ಹಿಂದುಮುಂದಾಗಿ ಕೂತಿದ್ದಾನೆ. ಊರಿನವರು ಸುತ್ತ ನಿಂತಿದ್ದಾರೆ. ಅಂಥ ಅವಮಾನದಲ್ಲೂ ಅವನು ಬಾಯ್ತುಂಬ ನಗುತ್ತಿದ್ದಾನೆ. ಒಂದಕ್ಷರ ಬರಹವಿಲ್ಲ.

ಯಾಕೆ ನಗುತ್ತಿದ್ದಾನೆ? ಈ ಒಂದು ಪ್ರಶ್ನೆ ಅವಳ ತಲೆಗೆ ಹುಳ ಬಿಟ್ಟಿತು. ರಾಗಿ ಬೀಸುವಾಗ, ನೀರಿಗೆ ಸಾಲು ನಿಂತಾಗ, ಈರುಳ್ಳಿ ಹೆಚ್ಚುವಾಗಂತೂ ಖಂಡಿತ, ಆ ನಗು ನೆನಪಾಗುತ್ತಿತ್ತು. ಯಾರಿಗಾದರೂ ತೋರಿಸಿ ಕೇಳೋಣವೆಂದರೆ ತಾನೇ ಮಾಡಿದ ಕಾನೂನು ಅಡ್ಡ ಬಂತು. ಪುಸ್ತಕ ವಾಪಸ್ ಬಾರದೆ ಹಾಳೆ ಹೊರಗೆ ಬರುವಂತಿಲ್ಲ. ಗಣಿ ಮುಚ್ಚಿತು, ಗಂಡ ತೀರಿಕೊಂಡ, ಮಗ ಸೊಸೆ ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗಿ ಬರುವವರಾದರು. ಹಾಳೆ ಮಾತ್ರ ರೇಷನ್ ಕಾರ್ಡಿನ ಜೊತೆ ಡಬ್ಬಿಯಲ್ಲೇ ಉಳಿಯಿತು.

ಅಂಗಡಿ ಮುಚ್ಚಿದಾಗ ಉಳಿದ ಪುಸ್ತಕಗಳನ್ನೂ ಹಾಳೆಗಳನ್ನೂ ಅವಳು ಕೊಟ್ಟದ್ದು ಪಕ್ಕದ ಕೋರಮಂಡಲ್ ಬಡಾವಣೆಯ ಸೆಲ್ವರಾಜನಿಗೆ. ಮೋಟಾರು ರಿಪೇರಿ ಅವನ ಕಸುಬು, ಸುರಂಗಸಿದ್ಧ ಅವನ ಹುಚ್ಚು. ಅವನು ನೂಲು ಬಿಚ್ಚಿ, ಹಾಳೆಗಳನ್ನು ಅಂಟಿನಿಂದ ಸ್ವಸ್ಥಾನಕ್ಕೆ ಕೂರಿಸಿ, ಒಂದೊಂದು ಪುಸ್ತಕವನ್ನೂ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಬೀರುವಿನಲ್ಲಿಟ್ಟ. ಆಮೇಲೆ ತೆರೆಯಲಿಲ್ಲ. ಸಂಗ್ರಹ ಮಾಡುವವರ ಚಾಳಿಯೇ ಅದು, ಪ್ರೀತಿ ಹೆಚ್ಚಾದಷ್ಟೂ ಬೀಗ ದಪ್ಪವಾಗುತ್ತದೆ. ತನ್ನಂಥ ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಅವನು ದೊಡ್ಡ ಪಂಡಿತ. ಅದರಲ್ಲೂ 'ಕೋಟೆ ಕಳ್ಳ' ಎಂಬ ಪುಸ್ತಕದ ಬಗ್ಗೆ ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಆ ಕಥೆ ಎಲ್ಲೋ ಹೋಗುತ್ತಿರುತ್ತದೆ, ಕೊನೆಯ ಹಾಳೆಯಲ್ಲಿ ಇದ್ದಕ್ಕಿದ್ದಂತೆ ಸಿದ್ಧ ಬಂಡೆಗಳ ಸಂದಿನಿಂದ ಹೊರಗೆ ಬರುತ್ತಾನೆ. ಹುಡುಗನಾಗಿದ್ದಾಗ ಸೆಲ್ವರಾಜ ಇದು ಸರಿಯಿಲ್ಲವೆಂದು ತಗಾದೆ ತೆಗೆದಿದ್ದ. "ಬರ್ದೋನು ನಿನಗಿಂತ ದಡ್ಡನೇನ್ಲಾ?" ಎಂದು ಮುನಿಗಂಗಮ್ಮ ಅವನ ಕಿವಿ ಹಿಂಡಿದ್ದಳು. ಅಂದಿನಿಂದ ಅವನು ಬರೆದವನ ಪ್ರತಿಭೆಯನ್ನು ಕೊಂಡಾಡಲು ಕಲಿತ.

ಹೀಗಿರಲು ಹೋದ ಬೇಸಿಗೆಯಲ್ಲಿ 'ಪಾತಾಳದ ಬೀಗ' ಸಿಕ್ಕಿತು. ಸಿಕ್ಕಿದ್ದು ಬಂಗಾರಪೇಟೆಯ ಸುಧಾಕರನಿಗೆ. ಖಾಲಿ ಮಾಡುವ ಮನೆಗಳ ಹಳೇ ಸಾಮಾನು ಕೊಂಡು, ಫೋನಿನಲ್ಲಿ ಫೋಟೋ ಹಾಕಿ ಬೆಂಗಳೂರಿನ ಸಾಹುಕಾರರಿಗೆ ಮಾರುವವನು ಅವನು. ವಿಷಯ ತಿಳಿದು ಸೆಲ್ವರಾಜ ಓಡಿಹೋದ. ಬರೀ ಒಂದು ಸಲ ಓದಿ ವಾಪಸ್ ಕೊಡುತ್ತೇನೆಂದು ಗೋಗರೆದ.

"ಓದಿದ್ರೆ ಬೆಲೆ ಬಿದ್ದೋಗುತ್ತೆ ಸಾರ್. ನಿಮ್ಮಂಥೋರು ಕೊಳ್ಳಲ್ಲ, ಮುಟ್ಟಿ ಮುಟ್ಟಿ ಸವೆಸ್ತೀರ," ಎಂದ ಸುಧಾಕರ.

"ನಿಮಗೆ ಪುಸ್ತಕ ಅಂದ್ರೆ ನಾಲ್ಕು ಮೂಲೆ, ಒಂದು ಬೆನ್ನು. ಒಳಗೆ ಏನಿದೆ ಗೊತ್ತಾ?" ಎಂದ ಸೆಲ್ವರಾಜ.

ಒಳಗೆ ಏನಿಲ್ಲ ಎಂಬುದು ಸುಧಾಕರನಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಹಾಳೆ ಇಲ್ಲದ ಪುಸ್ತಕವನ್ನು ಯಾವ ಸಾಹುಕಾರನೂ ಮೂಸುವುದಿಲ್ಲ. ಅದು ಎಲ್ಲಿದೆಯೆಂದು ಸೆಲ್ವರಾಜನ ಬಾಯಿಂದಲೇ ತಿಳಿದುಕೊಂಡು, ಮಾರನೆಯ ಭಾನುವಾರ ಊರಿಗಾಂಗೆ ಬಂದೇಬಿಟ್ಟ. ಬೆನ್ನ ಹಿಂದೆಯೇ ಸೆಲ್ವರಾಜನೂ ಬಂದ.

ಮುನಿಗಂಗಮ್ಮ ಜಗಲಿಯ ಮೇಲೆ ಗೋಣಿತಾಟು ಹಾಸಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಸುಧಾಕರ ಹಾಳೆ ಕೇಳಿದ, ಬೆಲೆ ಹೇಳಿದ, ಏರಿಸಿದ. ಅವಳು ತಲೆಯೆತ್ತಲಿಲ್ಲ.

"ಪುಸ್ತಕ ತಂದಿದ್ದೀಯಾ ನನ್ನಪ್ಪಾ? ತಾ ಇಲ್ಲಿ. ನಾನು ಮೊದ್ಲು ಓದ್ಬೇಕು. ಆಮ್ಯಾಕೆ ಆಳೆ."

ಸುಧಾಕರ ಅವಳ ಕೈ ನೋಡಿದ. ಹತ್ತು ಬೆರಳಿಗೂ ಹುಣಸೆಹಣ್ಣು. "ಅಮ್ಮಾ, ಕೈ ತೊಳ್ಕೊಂಡು..."

"ತೊಳ್ಕೊಂಡ್ರೆ ಬೀಜ ತೆಗೆಯೋರು ಯಾರು? ಬ್ಯಾಡಾಂದ್ರೆ ಓಗು."

ಬೇಡವೆನ್ನುವಂತಿರಲಿಲ್ಲ. ಸುಧಾಕರ ಕೈಗವಸು ತೊಟ್ಟು, ಎಳೆಮಗುವನ್ನು ಇಳಿಸಿದಂತೆ ಪುಸ್ತಕವನ್ನು ಅವಳ ಮಡಿಲಿಗಿಟ್ಟ. ಅವಳು ಬೆರಳನ್ನು ನಾಲಿಗೆಗೆ ಒತ್ತಿ ಮೊದಲ ಪುಟ ತಿರುವಿದಳು. ಮೂಲೆಯಲ್ಲಿ ಕಂದು ಹೆಬ್ಬೆಟ್ಟು ಮೂಡಿತು. ಸುಧಾಕರ ಕಣ್ಣು ಮುಚ್ಚಿಕೊಂಡ. ಸೆಲ್ವರಾಜನಿಗೆ ಹಬ್ಬ.

"ಈಗ ಎರಡನೇ ದರ್ಜೆ," ಎಂದ ಅವನು ಸುಧಾಕರನ ಕಿವಿಯ ಹತ್ತಿರ.

ಅವಳು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಬೇಕೆಂದೇ ನಿಧಾನ ಮಾಡುತ್ತಿದ್ದಳೆಂದು ನನ್ನ ಗುಮಾನಿ. ಪ್ರತಿ ಪುಟಕ್ಕೂ ನಾಲಿಗೆ, ಪ್ರತಿ ಪುಟಕ್ಕೂ ಹುಣಸೆಹಣ್ಣು. ಸೆಲ್ವರಾಜ ಮೂರನೇ ದರ್ಜೆ, ಕಡ್ಲೆಪುರಿ ಪೊಟ್ಟಣದ ದರ್ಜೆ ಎಂದು ಇಳಿಸುತ್ತ ಹೋದ. ಆದರೆ ಕಥೆ ಬೆಳೆದಂತೆ ಅವನ ಬಾಯಿ ನಿಂತಿತು. ಊರಿಗೆ ನೀರು ಬಿಡಿಸಲು ಸಿದ್ಧ ಪಾತಾಳಕ್ಕಿಳಿಯುತ್ತಾನೆ. ಬೀಗ ತೆಗೆಯುತ್ತಾನೆ. ನೀರು ಮೇಲಕ್ಕೆ ಚಿಮ್ಮುತ್ತದೆ, ಸುರಂಗ ಕುಸಿಯುತ್ತದೆ. ಸುಧಾಕರ ಕೂಡ ಕಲೆಗಳನ್ನು ಮರೆತು ಕುತ್ತಿಗೆ ಚಾಚಿದ್ದ. ಜೀವಮಾನದಲ್ಲಿ ತಾನು ಮಾರುವ ಸರಕನ್ನು ಅವನು ಕೇಳುತ್ತಿದ್ದದ್ದು ಅದೇ ಮೊದಲು.

ಉಳಿದ ಕೊನೆಯ ಪುಟದಲ್ಲಿ ಸುತ್ತಲೂ ಬಂಡೆ, ಕತ್ತಲೆ, ಸಿದ್ಧನ ತಲೆಯ ದೀಪ ಆರುತ್ತಿದೆ. ಕತ್ತೆ ಇಲ್ಲ. ಈರುಳ್ಳಿಯ ಸಿಪ್ಪೆಯೂ ಇಲ್ಲ.

ಮುನಿಗಂಗಮ್ಮ ಪುಟವನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಬಂಡೆಗಳ ಸಂದಿನಿಂದ ಸಿದ್ಧ ಹೊರಬರುವ ಹಾಳೆ ಅವಳಿಗೆ ಗೊತ್ತಿತ್ತು. ಸುರಂಗದ ಬಾಯಲ್ಲಿ ಅವನ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬೈಯುತ್ತ ನಿಂತಿರುತ್ತಾಳೆ. ಗಂಡ ಗಣಿಯಿಂದ ಮೇಲೆ ಬರುವುದನ್ನು ಕಾಯುತ್ತಿದ್ದ ಆ ದಿನಗಳಲ್ಲಿ ಅವಳಿಗೆ ತುಂಬ ಇಷ್ಟವಾಗಿದ್ದ ಹಾಳೆ ಅದು. ಅದನ್ನೇ ಅವಳು 'ಕೋಟೆ ಕಳ್ಳ'ದ ಕೊನೆಯೆಂದು ಊರ ಹುಡುಗರಿಗೆಲ್ಲ ತೋರಿಸಿದ್ದಳು. ನೂಲು ಹೊಲಿದ ದಿನ ಎರಡು ಹಾಳೆ ಅದಲುಬದಲಾಗಿತ್ತು.

ಅವಳು ಡಬ್ಬಿ ತೆಗೆದಳು. ಸುಧಾಕರ ಹಾಳೆಯನ್ನು ಚಿತ್ರ ನೋಡದೆ ಬೆನ್ನು ಮೇಲಾಗಿ ಹಿಡಿದು ಅಂಚಿಗೆ ಅಂಚು ಕೂಡಿಸಿದ. ಒಂದೇ ಕೈ, ಒಂದೇ ಬ್ಲೇಡು, ಚೆನ್ನಾಗಿಯೇ ಕೂತಿತು. ಎರಡರಲ್ಲೂ ನೀಲಿ ನೂಲು. "ಸರಿಯಾಗಿದೆ," ಎಂದು ಉಸಿರು ಬಿಟ್ಟ.

ಅವಳು ಸುಮ್ಮನಿದ್ದರೆ ಎಲ್ಲರಿಗೂ ಸುಖವಿತ್ತು. ಈ ಹುಡುಗ ಕತ್ತೆ ಸವಾರಿಯನ್ನು ಯಾವನೋ ಸಾಹುಕಾರನಿಗೆ ದಾಟಿಸುತ್ತಾನೆ, ಆತ ಬೀರುವಿಗೆ ಹಾಕಿ ಬೀಗ ಜಡಿಯುತ್ತಾನೆ, ಯಾರೂ ಓದುವುದಿಲ್ಲ. ಸೆಲ್ವರಾಜನ ಪಾಂಡಿತ್ಯ ಉಳಿಯುತ್ತದೆ, ತನ್ನ ಮರ್ಯಾದೆಯೂ ಉಳಿಯುತ್ತದೆ. ಆದರೆ ಸುಧಾಕರ ಹಾಳೆಯನ್ನು ಪ್ಲಾಸ್ಟಿಕ್ಕಿಗೆ ಸೇರಿಸಲು ಹೊರಟಾಗ ಆ ನಗು ಮತ್ತೆ ಕಣ್ಣಿಗೆ ಬಿತ್ತು. ಅದು ಹೋದರೆ ಹೋಯಿತು, ಕಾರಣ ತಿಳಿಯದೆಯೇ ಮಣ್ಣಿಗೆ ಹೋಗಬೇಕು. ಮರ್ಯಾದೆ ಮನೆ ಹಾಳಾಗಲಿ ಎನ್ನಿಸಿತು ಅವಳಿಗೆ. ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಲೇ ಸೆಲ್ವಾ, ಆ ಕೋಟೆ ಕಳ್ಳದಾಗೆ ಈರುಳ್ಳಿ ಬತ್ತದೇನ್ಲಾ?"

"ಬರದೆ ಏನಕ್ಕಾ? ಕಥೆಯೆಲ್ಲ ಈರುಳ್ಳೀದೇ. ಕೋಟೆಯೋನು ಊರಿನ ಈರುಳ್ಳಿಯೆಲ್ಲ ಬಚ್ಚಿಟ್ಟಿರ್ತಾನೆ. ಒತ್ತು ಮುಳುಗೋದ್ರೊಳಗೆ ಬಿಡಿಸಿ ಜನಕ್ಕೆ ಅಂಚದಿದ್ರೆ ಈರುಳ್ಳಿ ಆರ ಆಕ್ಕೊಂಡು ಕತ್ತೆ ಮೇಲೆ ಹಿಂದುಮುಂದಾಗಿ ಕೂತ್ಕೋತೀನಿ ಅಂತ ಸಿದ್ಧ..."

ಅಲ್ಲಿಗೆ ಅವನ ಮಾತು ನಿಂತಿತು, ಬಾಯಿ ತೆರೆದೇ ಇತ್ತು. ಅವಳು ಹಾಳೆಯನ್ನು ಅವನತ್ತ ತಿರುಗಿಸಿದ್ದಳು.

ಸುಧಾಕರನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಆದಮೇಲೆ ತೊಡೆ ತಟ್ಟಿಕೊಂಡು ನಕ್ಕ. "ಬರೆದವನ ಪ್ರತಿಭೆ ಅಂತಿದ್ರಲ್ಲ ಸಾರ್?" ಎಂದ. ತನಗೆ ಬೇಕಾದ ಹಾಳೆ ಈಗ ಸೆಲ್ವರಾಜನ ಬೀರುವಿನಲ್ಲಿ ಅಂಟಿಕೊಂಡು ಕೂತಿದೆಯೆಂದು ಹೊಳೆದ ಕೂಡಲೇ ನಗು ನಿಂತಿತು. ನನ್ನ ಹಾಳೆ ಕೊಡಿ ಎಂದು ಅವನು, ಪುಸ್ತಕವನ್ನೇ ನನಗೆ ಕೊಡು ಎಂದು ಇವನು, ಜಗಲಿ ಮೇಲೆ ಸಂತೆ ಶುರುವಾಯಿತು.

"ಬಾಯಿ ಮುಚ್ರಿ ಇಬ್ರೂ. ಸೆಲ್ವಾ, ಅವ್ನು ಗೆದ್ನಾ, ಸೋತ್ನಾ?"

"ಅಂಚಿದ ಅಕ್ಕಾ. ಊರೆಲ್ಲ ಉಂಡ್ರು. ಆದ್ರೆ ಕೊನೇ ಮನೆಗೆ ಓಗೋ ಒತ್ಗೆ ಸೂರ್ಯ ಮುಳುಗಿತ್ತು. ಯಾರೂ ನೋಡಿರ್ಲಿಲ್ಲ. ಅವ್ನೇ ಓಗಿ ಕತ್ತೆ ಕೇಳ್ತಾನೆ. ಅಲ್ಲಿಗೆ ಪುಸ್ತಕ ನಿಲ್ತದೆ."

ಮುನಿಗಂಗಮ್ಮ ಹಾಳೆಯನ್ನು ಹತ್ತಿರಕ್ಕೆ ಹಿಡಿದು ನೋಡಿದಳು. ಉಂಡ ಜನ, ಮಾತು ಉಳಿಸಿಕೊಂಡವನು. ನಗದೆ ಇನ್ನೇನು ಮಾಡುತ್ತಾನೆ? ಆ ಉತ್ತರ ಇದ್ದ ಪುಸ್ತಕ ವರ್ಷಗಟ್ಟಲೆ ಅವಳ ತಲೆಯ ಮೇಲೇ ಹಗ್ಗದಲ್ಲಿ ನೇತಾಡಿತ್ತು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು.

"ಊರ ಮಕ್ಳಿಗೆಲ್ಲ ಕೊನೆ ತೋರಿಸ್ತಾ ಕೂತೆ. ಒಂದ್ರ ಮೊದ್ಲೂ ನೋಡ್ಲಿಲ್ಲ ಕಣ್ಲಾ ನಾನು," ಎಂದಳು. "ಓಗಿ ನಿನ್ ಬೀರು ತೆಗ್ದು ಎಲ್ಲಾನೂ ತಗಂಬಾ. ಆ ಪ್ಲಾಸ್ಟಿಕ್ ಅಲ್ಲೇ ಬಿಟ್ಟು ಬಾ."

ಸೆಲ್ವರಾಜ ಅವಳ ಬೆರಳುಗಳನ್ನು ಒಮ್ಮೆ ನೋಡಿ, ಎದ್ದು ಹೊರಟ. ಪುಸ್ತಕ, ಹಾಳೆ ಎರಡೂ ಅವಳ ಮಡಿಲಲ್ಲೇ ಇದ್ದುದರಿಂದ ಸುಧಾಕರ ಎಲ್ಲಿಗೂ ಹೋಗುವಂತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಕೈಗವಸು ಬಿಚ್ಚಿಟ್ಟು, ಅವಳ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯತೊಡಗಿದ.