ಹೆಗಲಿನ ಮುಲಾಮು

ನನ್ನ ಗಂಡ ಕಬಡ್ಡಿ ಆಡುತ್ತಾರೆ. ಶಿಡ್ಲಘಟ್ಟದ ಸುತ್ತ ಪಂದ್ಯ ಎಲ್ಲಿದ್ದರೂ ನಮ್ಮ ದಿಬ್ಬೂರಹಳ್ಳಿಗೆ ಕರೆ ಬರುತ್ತದೆ. ಎದುರಾಳಿಯ ಕಾಲು ಕೈಗೆ ಸಿಕ್ಕರೆ ಇವರು ಬಿಡುವ ಪೈಕಿಯಲ್ಲ. ಆ ಸಿಟ್ಟೇ ಅವರಿಗೆ ಹೆಸರು ತಂದದ್ದು. ಸೋತ ದಿನ ಮಾತ್ರ ಅದು ಬೈಕ್ ಹತ್ತಿ ಅವರ ಜೊತೆ ಮನೆಗೂ ಬರುತ್ತಿತ್ತು. ಹೊಡೆದವರಲ್ಲ, ಬೈದವರೂ ಅಲ್ಲ. ಆದರೆ ಮುಖ ಗಂಟು ಹಾಕಿಕೊಂಡು ಕೂತರೆ ಮನೆಯಲ್ಲಿ ಯಾರೂ ತುಟಿಪಿಟಕ್ ಅನ್ನುವಂತಿರಲಿಲ್ಲ. ಅವರನ್ನು ಹೆತ್ತ ಅತ್ತೆಯೇ ಅಡುಗೆಮನೆ ಸೇರುತ್ತಿದ್ದರು. ನನಗೆ ಭಯವಾಗುತ್ತಿತ್ತು, ಭಯಪಡಬೇಕಲ್ಲ ಅಂತ ಕೋಪವೂ ಬರುತ್ತಿತ್ತು.

ಹೋದ ವರ್ಷ ಚಿಂತಾಮಣಿಯಲ್ಲಿ ಸೋತು ಬಂದರು. ಅಂದು ನಮ್ಮ ರೇಷ್ಮೆಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಇನ್ನು ಹೊಟ್ಟೆಬಾಕರ ಹಾಗೆ ಸೊಪ್ಪು ತಿಂದು ಗೂಡು ಕಟ್ಟಬೇಕು. ಆ ಹೊತ್ತಿನಲ್ಲಿ ಹುಳದ ಮನೆಗೆ ಘಾಟು ವಾಸನೆ ಸೋಕಬಾರದು. ಒಗ್ಗರಣೆ ಹಾಕುವಾಗಲೂ ಆ ಕಡೆಯ ಕಿಟಕಿ ಮುಚ್ಚುತ್ತೇವೆ. ಇವರು ಬಂದವರೇ ಸೊಪ್ಪಿನ ಮಂಕರಿ ಎತ್ತಿಕೊಂಡು ಅತ್ತ ನಡೆದರು. ಪಕ್ಕದಲ್ಲಿ ಹಾದುಹೋದಾಗ, ಹೆಗಲ ತುಂಬ ಬಳಿದಿದ್ದ ನೋವಿನ ಮುಲಾಮಿನ ಘಾಟು ನನ್ನ ಮೂಗಿಗೆ ಬಡಿಯಿತು.

ಅತ್ತೆಗೂ ಬಡಿದಿತ್ತು. ನನ್ನ ಮುಖ ನೋಡಿ ಅಡುಗೆಮನೆ ಸೇರಿದರು. ಸುಮ್ಮನಿದ್ದರೆ ಬೆಳೆ ಹೋಗುತ್ತದೆ, ಮಾತಾಡಿದರೆ ಏನಾಗುತ್ತದೋ ಗೊತ್ತಿಲ್ಲ. ನಾನು ಓಡಿಹೋಗಿ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತೆ.

“ರೀ, ಒಳಗೆ ಹೋಗ್ಬೇಡಿ. ಮೈಯೆಲ್ಲ ಮುಲಾಮು ನಾರ್ತಿದೆ.”

ಮಂಕರಿ ಹಿಡಿದ ಅವರ ಕೈ ಬಿಗಿಯಾಯಿತು. ಆಟದಲ್ಲಿ ಕಾಣುವ ಅದೇ ಕಣ್ಣು. ನಾನು ಜಗ್ಗಲಿಲ್ಲ. ಹಿಂದೆ ಸರಿಯಲು ಕಾಲೇ ಬರಲಿಲ್ಲ ಅನ್ನಿ. ಅವರು ಕತ್ತು ತಿರುಗಿಸಿ ತಮ್ಮ ಹೆಗಲನ್ನೇ ಮೂಸಿದರು. ಆಮೇಲೆ ಮಂಕರಿಯನ್ನು ನನ್ನ ಕೈಗಿಟ್ಟು ಬಚ್ಚಲಿಗೆ ಹೋದರು.

ನಾನು ಒಳಗೆ ಸೊಪ್ಪು ಹರಡುತ್ತಿದ್ದೆ. ಕಡಲೆಹಿಟ್ಟು ಹಚ್ಚಿ ಉಜ್ಜಿಕೊಂಡು, ಸ್ನಾನ ಮಾಡಿ ಬಂದವರು ಹೊಸ್ತಿಲಾಚೆಯೇ ನಿಂತರು.

“ಈಗ ಬರ್ಲೇನೇ?”

ಹತ್ತಿರ ಹೋಗಿ ಮೂಸಿದೆ. ಇನ್ನೂ ಸ್ವಲ್ಪ ಇತ್ತು. ಬೇಡ ಅಂದೆ. ಹಾಗನ್ನಲು ಈ ಸಲ ಭಯವಾಗಲಿಲ್ಲ. ಅವರು ಹೊರಗೇ ಕುಕ್ಕರಗಾಲಲ್ಲಿ ಕೂತು, ಕೊನೆಯ ಹಿಡಿತದಲ್ಲಿ ತಮ್ಮಿಂದಲೇ ತಪ್ಪಾಯಿತು, ಪಂದ್ಯ ಅಲ್ಲೇ ಕೈಬಿಟ್ಟುಹೋಯಿತು ಎಂದು ಹೇಳತೊಡಗಿದರು. ಹುಳ ಸೊಪ್ಪು ತಿನ್ನುವ ಸದ್ದಿನಲ್ಲಿ ಅದನ್ನು ಕೇಳುತ್ತಾ ನನ್ನ ಮನಸ್ಸು ಹಗುರವಾಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಮಗನ ಪಕ್ಕದಲ್ಲಿ ನೆಲದ ಮೇಲೆ ಕೂತು ಕೇಳಿದರು: “ಆಮೇಲೆ ಏನಾಯ್ತಪ್ಪ?”