ರಾಹೇಲತ್ತೆಯ ಸಾಕ್ಷಿ ಮತ್ತು ನಾನು ನೆಟ್ಟ ಹೊಂಗೆಮರ

...ಇಲ್ಲ, ಅಲ್ಲಿ ಹೊಂಗೆಮರ ಇರಲಿಲ್ಲವೆಂದು ಕಾಣುತ್ತದೆ. ಆ ಮರವನ್ನು ನಾನೇ ನೆಟ್ಟಿರಬೇಕು. ಆಂಧ್ರದ ಗಡಿಯಲ್ಲಿರುವ ನಮ್ಮ ಕೌತಾಳದಿಂದ ಆದೋನಿಗೆ ಹೋಗುವ ರಸ್ತೆಯಲ್ಲಿ ತುಂಬು ಬಸುರಿಯೊಬ್ಬಳು ನೋವು ತಿನ್ನುತ್ತ ನಿಂತಿದ್ದಾಳೆಂದರೆ ಅವಳಿಗೊಂದು ನೆರಳು ಬೇಡವೇ? ಬರೆಯುವವರ ಕೈ ಹೀಗೆಯೇ, ಖಾಲಿ ಜಾಗ ಕಂಡರೆ ಸಸಿ ಊರಿಬಿಡುತ್ತದೆ. ಕಣ್ಣು ಮುಚ್ಚಿದರೆ ಈಗಲೂ ಆ ಮರ ಕಾಣುತ್ತದೆ, ಅದರ ಕೆಳಗೆ ಚೆಲ್ಲಿದ ಹೂವೂ ಕಾಣುತ್ತದೆ. ಅನುಮಾನ ಹುಟ್ಟುವುದು ಅಲ್ಲೇ. ನಮ್ಮ ಕಡೆ ಹೊಂಗೆ ಹೂ ಬಿಡುವುದು ಬೇಸಿಗೆಗೆ, ಅವಳನ್ನು ಒಯ್ದಂಥ ಹತ್ತಿ ಲಾರಿಗಳು ಓಡುವುದು ಚಳಿಗೆ. ಎರಡನ್ನೂ ಒಂದೇ ದಿನ ತೋರಿಸುವ ನೆನಪನ್ನು ನಾನು ನಂಬಲಾರೆ. ಮೇಲಾಗಿ ಆ ದಿನ ನಾನು ಅಲ್ಲಿರಲೇ ಇಲ್ಲ. ತೊಟ್ಟಿಲಲ್ಲಿದ್ದೆ.

ಆ ಬಸುರಿ ನನ್ನ ಸೋದರತ್ತೆ ರಾಹೇಲಮ್ಮ. ಕಥೆ ಅವಳದು. ಅದನ್ನು ನಾನು ಕೇಳಿದ್ದು ನಮ್ಮ ಪ್ರಾರ್ಥನೆ ಕೂಟಗಳಲ್ಲಿ. ನಮ್ಮ ಜನರದೊಂದು ಪದ್ಧತಿಯಿದೆ, ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಾಡು, ಬೈಬಲ್ ವಾಕ್ಯ, ಪ್ರಾರ್ಥನೆ ಎಲ್ಲ ತೆಲುಗಿನಲ್ಲಿ ಸಾಗುತ್ತವೆ. ಆಮೇಲೆ ಅಯ್ಯಗಾರು, ಅಂದರೆ ನಮ್ಮ ಪಾಸ್ಟರು, "ಸಾಕ್ಷಿ ಹೇಳೋರು ಯಾರದೀರಿ?" ಎನ್ನುತ್ತಾರೆ. ಆಗ ಒಬ್ಬೊಬ್ಬರೇ ಎದ್ದು, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದೇನು ಎಂಬುದನ್ನು ಮನೆಯ ಕನ್ನಡದಲ್ಲಿ ಹೇಳುತ್ತಾರೆ. ಕೂತವರು ನಡುನಡುವೆ "ಸ್ತೋತ್ರಂ" ಎಂದು ದನಿಗೂಡಿಸುತ್ತಾರೆ. ನಿಯಮ ಒಂದೇ: ಒಬ್ಬರ ಸಾಕ್ಷಿಯನ್ನು ಇನ್ನೊಬ್ಬರು ಹೇಳುವಂತಿಲ್ಲ. ಅತ್ತೆಯ ಮಾತಿನಲ್ಲಿ ಹೇಳುವುದಾದರೆ, "ನನ್ನ ಹಲ್ಲಿಲೆ ನೀ ಅಗಿಯಾಕ ಬರ್ತೈತೇನು?"

ಅವಳ ಸಾಕ್ಷಿ ಹೀಗೆ. ಗಂಡ ಊರಲ್ಲಿಲ್ಲ. ಬಸ್ಸು ಹೋಗಿಬಿಟ್ಟಿದೆ. ಪಕ್ಕದ ಮನೆಯ ಮುದುಕಿಯೊಬ್ಬಳೇ ಜೊತೆಗೆ. ಆದೋನಿಯ ಮಾರ್ಕೆಟ್ಟಿಗೆ ಹತ್ತಿ ತುಂಬಿಕೊಂಡು ಬರುತ್ತಿದ್ದ ಲಾರಿಯೊಂದು ನಿಂತಿತು. ಡ್ರೈವರು ಸಾಬರವನು. "ಘಬರಾ ನಕ್ಕೋ ಅಮ್ಮಾ", ಹೆದರಬೇಡ ಎಂದು ಹತ್ತಿಯ ರಾಶಿಯ ಮೇಲೆಯೇ ಮಲಗಿಸಿದ. ಆದೋನಿ ಮುಟ್ಟುವ ಮೊದಲೇ ಮಗು ಹುಟ್ಟಿತು. "ಯೇಸಪ್ಪಗ ಹುಲ್ಲು, ನನ್ನ ಮಗಗ ಹತ್ತಿ" ಎನ್ನುವಾಗ ಅವಳ ದನಿ ಏರುತ್ತಿತ್ತು. ಕೊನೆಗೆ, ದಾರಿಯಲ್ಲೇ ಹೆತ್ತು ಪ್ರಾಣ ಬಿಟ್ಟ ಬೈಬಲಿನ ಆ ರಾಹೇಲಳನ್ನು ನೆನೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಳುತ್ತಿದ್ದಳು: "ಆ ರಾಹೇಲು ದಾರ್ಯಾಗ ಹಡೆದು ಸತ್ಲು. ಈ ರಾಹೇಲು ದಾರ್ಯಾಗ ಹಡೆದು ಬದುಕ್ಯಾಳ!" ಸ್ತೋತ್ರಂ ಎಂಬ ಕೂಗಿಗೆ ತಗಡಿನ ಮಾಡು ಹಾರಬೇಕು.

ಈ ಕಥೆ ಎಷ್ಟು ಜನರನ್ನು ತಿದ್ದಿದೆಯೋ! ನಮ್ಮ ಓಣಿಯ ಬಸುರಿಯರು ದಿನ ತುಂಬುವ ಮೊದಲೇ ಆದೋನಿಯ ನೆಂಟರ ಮನೆ ಸೇರುತ್ತಾರೆ, ಎಲ್ಲರಿಗೂ ಹತ್ತಿ ಲಾರಿ ಸಿಗುವುದಿಲ್ಲವಲ್ಲ. ಸಾಬರ ಮನೆಯಲ್ಲಿ ಸಾವಾದರೆ ಅತ್ತೆಯ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಂದು ಹುಟ್ಟಿದ ಯೋಹಾನ ಈಗ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರು. "ಹುಟ್ಟಿದ ಜಾಗಾ ಬಿಡವಲ್ಲ ಇವ" ಎಂದು ಗೆಳೆಯರು ಕಾಡುತ್ತಾರೆ. ಇನ್ನು ನಾನು ಕಥೆ ಬರೆಯುವವನಾದೆ. ಅದೂ ಹೊಸ ರೀತಿಯ ಕಥೆ: ನಡುವಿನಿಂದ ಶುರುವಾಗಿ ಎಲ್ಲೋ ಮುರಿಯುವಂಥದ್ದು. ಒಂದನ್ನು ಅತ್ತೆಗೆ ಓದಿ ಹೇಳಿದೆ. ಸಮಾಧಾನದಿಂದ ಕೇಳಿ, "ತಲಿ ಎಲ್ಲೈತಿ ಬಾಲ ಎಲ್ಲೈತಿ ತಿಳಿವಲ್ದು. ಇದು ಕತಿಯಲ್ಲೋ ಅಳಿಯಾ, ಏಡಿ" ಎಂದಳು. ವಿಮರ್ಶಕರು ನನ್ನ ಬಗ್ಗೆ ಪುಟಗಟ್ಟಲೆ ಬರೆದು ಹೇಳಲಾಗದ್ದು ಅವಳಿಗೆ ಒಂದು ಏಡಿಯಲ್ಲಿ ಮುಗಿದಿತ್ತು.

ಆದರೆ ಅವಳ ಕಥೆಯೂ ನೆಟ್ಟಗಿರಲಿಲ್ಲ, ನೋಡಿ. ಡ್ರೈವರು ಹೊದಿಸಿದ ಶಾಲು ಒಂದು ವರ್ಷ ಹಸಿರು, ಮರುವರ್ಷ ಕೆಂಪು. ಮುದುಕಿ ಒಮ್ಮೆ ಧೈರ್ಯಸ್ಥೆ, ಒಮ್ಮೆ ಮೂರ್ಛೆ ಬಿದ್ದವಳು. ಕೇಳಿದರೆ "ಶಾಲಿನ ಬಣ್ಣ ನೋಡ್ಕೋತ ಹಡೀತಾರೇನು?" ಎಂದು ತಿರುಗಿಬೀಳುತ್ತಿದ್ದಳು. ನನಗೆ ಅದರಿಂದ ಬೇಸರವಾಗಲಿಲ್ಲ, ಧೈರ್ಯ ಬಂತು. ನಮ್ಮ ಯೇಸುವಿನ ಕಥೆಯನ್ನೇ ನಾಲ್ವರು ನಾಲ್ಕು ಬಗೆಯಲ್ಲಿ ಹೇಳಿದ್ದಾರೆ. ಬರಿದಾದ ಸಮಾಧಿಯ ಬಳಿ ಕಂಡ ದೇವದೂತ ಒಬ್ಬನೋ ಇಬ್ಬರೋ ಎಂಬುದರಲ್ಲೇ ಒಮ್ಮತವಿಲ್ಲ. ಹಿಂದಿನವರು ಕೂತು ಅದನ್ನು ತಿದ್ದಿ ಒಂದು ಮಾಡಬಹುದಿತ್ತು. ಮಾಡಲಿಲ್ಲ. ನಾಲ್ಕನ್ನೂ ಹಾಗೆಯೇ ಉಳಿಸಿಕೊಂಡರು. ಅವರಿಗಿಂತ ದೊಡ್ಡ ಪ್ರಯೋಗಶೀಲರು ಯಾರಿದ್ದಾರೆ?

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಅರ್ಧಮರ್ಧ ಬಂದವು. ಮಾತು ಬರಲಿಲ್ಲ. ಉಳಿದದ್ದು ಒಂದೇ ಪದ: "ಬ್ಯಾಡ". ಊಟಕ್ಕೆ ಬ್ಯಾಡ, ಕೂಟಕ್ಕೆ ಬ್ಯಾಡ, ನೋಡಲು ಬಂದವರಿಗೂ ಬ್ಯಾಡ. ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಮಾತಾಡಿಸುತ್ತಿರಿ, ಮಾತಾಡಿದಷ್ಟೂ ಮಾತು ಮರಳುತ್ತದೆ, ಸುಮ್ಮನಿದ್ದರೆ ಅದೇ ಕೊನೆ ಎಂದಿದ್ದರು ಡಾಕ್ಟರು. ಯೋಹಾನ ಸಾಕ್ಷಿಯ ಒಂದೊಂದೇ ಸಾಲನ್ನು ಬಾಯಿಗಿಟ್ಟು ನೋಡಿದ. "ಯವ್ವಾ, ಯೇಸಪ್ಪಗ ಹುಲ್ಲು... ಮುಂದ ಹೇಳು?" ಅವಳು ಕಣ್ಣು ಮುಚ್ಚಿಕೊಂಡಳು. "ಊಟ ಬಿಟ್ರ ಗಂಜಿ ಹುಯ್ಯಬಹುದು. ಮಾತು ಬಿಟ್ರ ಏನು ಹುಯ್ಯೋದೋ ಭಾವಾ?" ಎಂದು ನನ್ನ ಮುಂದೆ ಕೂತು ಮುಖ ಒರೆಸಿಕೊಂಡ.

ಯೋಹಾನನ ಹುಟ್ಟಿದ ದಿನಕ್ಕೆ ಪ್ರತಿವರ್ಷ ಅವರ ಮನೆಯಲ್ಲಿ ಕೃತಜ್ಞತೆಯ ಕೂಟ. ಈ ಸಲ ಅವಳನ್ನು ಎತ್ತಿಕೊಂಡೇ ಬಂದು ಕುರ್ಚಿಯಲ್ಲಿ ಕೂಡಿಸಿದರು. ಒಳಗೆ ಮಂಡಕ್ಕಿ ಉಗ್ಗಾಣಿಯ ಒಗ್ಗರಣೆ ಘಮಗುಡುತ್ತಿತ್ತು, ಮಿರ್ಚಿಗೆ ಎಣ್ಣೆ ಕಾಯುತ್ತಿತ್ತು. ಸಾಕ್ಷಿಯ ಹೊತ್ತು ಬಂತು. ಯಾರೂ ಏಳಲಿಲ್ಲ. ಆ ದಿನ ಮೊದಲ ಸಾಕ್ಷಿ ಅವಳದೇ ಆಗಬೇಕು. ಅಯ್ಯಗಾರು ನನ್ನ ಕಡೆ ನೋಡಿ, "ಕತಿ ಬರಿಯೋರು ನೀವು. ಅಮ್ಮನ ಪರವಾಗಿ ಚೆಪ್ಪಂಡಿ, ನೀವೇ ಹೇಳಿ" ಎಂದರು. ಎರವಲು ಸಾಕ್ಷಿ! ನಮ್ಮಲ್ಲಿ ಎಂದೂ ನಡೆಯದ್ದು. ಆದರೂ ಎದ್ದೆ.

ಎದ್ದವನು ಬರಹಗಾರನಂತೆಯೇ ಹೇಳಿದೆ. ಹೊಂಗೆಮರ ನೆಟ್ಟೆ, ನೆರಳು ಬೀಳಿಸಿದೆ. "ಲಾರಿ ದೂರದಲ್ಲಿ ಕಂಡ ಕೂಡಲೇ ಅತ್ತೆ ಗಳಗಳ ಅತ್ತಳು. ಕೈಮುಗಿದು ಬೇಡಿಕೊಂಡಳು" ಎಂದೆ.

"ಅಳ್ಳಿಲ್ಲ."

ಯಾರೆಂದು ಎಲ್ಲರೂ ತಿರುಗಿದರು. ಅತ್ತೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಕಣ್ಣುಗಳು ಮಾತ್ರ ನನ್ನನ್ನು ಸುಡುತ್ತಿದ್ದವು.

"ನಾ... ಅಳ್ಳಿಲ್ಲ. ಅಡ್ಡ... ಅಡ್ಡ ನಿಂತೆ!"

ಆಮೇಲೆ ಹಿಂದಿನ ಸಾಲಿನಲ್ಲಿದ್ದ ಅವಳ ಗೆಳತಿ ಸಾರಮ್ಮನಿಗೆ ಏನು ಹೊಳೆಯಿತೋ, ದೇವದೂತೆಯ ಮುಖ ಮಾಡಿಕೊಂಡು, "ಅಲ್ಲಬೇ ರಾಹೇಲು, ಅದು ಲಾರಿ ಅಲ್ಲ, ಟ್ರ್ಯಾಕ್ಟರ್ ಇತ್ತಲ್ಲ?" ಎಂದಳು.

"ಲಾರಿ!"

"ಡ್ರೈವರ್ ನಮ್ಮ ಕೋಸಿಗಿ ಕಡೆ ರೆಡ್ಡಿ ಅಂತಿದ್ದಿಯಲ್ಲ?" ಎಂದು ಇನ್ನೊಬ್ಬಳು.

"ಸಾಬಣ್ಣ! ನನ್ನ... ಅಣ್ಣ ಆಂವ!"

ಪ್ರಾರ್ಥನೆ ಕೂಟವೊಂದರಲ್ಲಿ ಇಷ್ಟು ಸುಳ್ಳು ಒಟ್ಟಿಗೆ ಹೊರಬಿದ್ದದ್ದನ್ನು ನಾನು ಕಂಡಿಲ್ಲ. ಮಗು ಹೆಣ್ಣೆಂದರು, ಮಧ್ಯಾಹ್ನವೆಂದರು, ಮಳೆಯೆಂದರು. ಒಂದೊಂದು ಸುಳ್ಳಿಗೂ ಅವಳು ಒಂದೊಂದು ಪದವನ್ನು ಗಂಟಲಿನಿಂದ ಕಿತ್ತು ಎಸೆದಳು. ಕೊನೆಗೆ ಅಯ್ಯಗಾರಿಗೂ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ, "ಅದು ಹತ್ತಿ ಲೋಡು ಅಲ್ಲ ಅನಸ್ತದಮ್ಮಾ. ಮೆಣಸಿನಕಾಯಿ ಲೋಡು" ಎಂದರು.

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದೇಬಿಟ್ಟಳು. "ಮೆಣಸಿನಕಾಯಿ ಮ್ಯಾಲೆ... ನೀ ಹಡಿ, ಅಯ್ಯಗಾರು!"

ಮನೆಯೆಲ್ಲ ನಗೆ. ಮಿರ್ಚಿ ಕರಿಯುತ್ತಿದ್ದವರು ಜಾಲರಿ ಸೌಟು ಹಿಡಿದೇ ಓಡಿಬಂದರು. ಅಯ್ಯಗಾರು ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು. ಯೋಹಾನ ತಾಯಿಯನ್ನು ಹಿಡಿಯಲು ಹೋದ. ಅವಳು "ಬ್ಯಾಡ" ಎಂದಳು. ಅದೇ ಹಳೆಯ ಪದ, ಆದರೆ ಅಂದು ಅದರ ಅರ್ಥ ನಾನೇ ನಿಲ್ಲುತ್ತೇನೆ ಎಂದಾಗಿತ್ತು. ನಗೆ ತಗ್ಗುವವರೆಗೆ ಕಾದಳು. ಹೇಳಿ ಪಳಗಿದವಳಲ್ಲವೇ, ಯಾವಾಗ ಕಾಯಬೇಕೆಂದು ಗೊತ್ತು. ಆಮೇಲೆ ಸ್ವಾಧೀನವಿದ್ದ ಕೈಯಿಂದ ಸೆರಗನ್ನು ಹುಡುಕಿ ಸೊಂಟಕ್ಕೆ ಸಿಕ್ಕಿಸಿದಳು.

"ಆ ರಾಹೇಲು... ದಾರ್ಯಾಗ ಹಡೆದು... ಸತ್ಲು."

ಅಲ್ಲಿಗೆ ತಡೆದಳು. ಮುಂದಿನ ಪದ ಕೂತವರೆಲ್ಲರ ನಾಲಿಗೆಯ ಮೇಲಿತ್ತು. ಯಾರೂ ಕೊಡಲಿಲ್ಲ. ಅವಳ ಹಲ್ಲಿನಿಂದ ಅಗಿಯಲು ಯಾರೂ ಹೋಗಲಿಲ್ಲ.

"ಈ ರಾಹೇಲು... ಇಲ್ಲೇ ಅದಾಳ."

ಎಂದೂ ಹೀಗೆ ಮುಗಿಸಿದವಳಲ್ಲ. ಇದು ಸಾಕ್ಷಿಯ ಹೊಸ ಪಾಠ. ಆ ಹೊತ್ತಿನ ಸ್ತೋತ್ರಂ ಕೌತಾಳದ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಹೇಳಿದವಳು ಸಾರಮ್ಮ. ಅವಳ ಮಾತನ್ನು ಎಷ್ಟು ನಂಬಬೇಕೆಂಬುದು ನಿಮಗೆ ಈಗಾಗಲೇ ತಿಳಿದಿದೆ.

ಈಗ ಅತ್ತೆ ನಿಧಾನವಾಗಿಯಾದರೂ ಮಾತಾಡುತ್ತಾಳೆ, ಹೆಚ್ಚಾಗಿ ನನ್ನನ್ನು ಬೈಯುವುದಕ್ಕೆ. ಕಥೆಯನ್ನು ಒಪ್ಪವಾಗಿ ಜೋಡಿಸಿ ಕೊಟ್ಟರೆ ಕೇಳುವವರು ತಲೆದೂಗುತ್ತಾರೆ. ತಪ್ಪಾಗಿ ಹೇಳಿದರೆ ಕಥೆಯ ಒಡತಿ ಎದ್ದು ನಿಲ್ಲುತ್ತಾಳೆ. ಎರಡನೆಯದೇ ದೊಡ್ಡದೆಂದು ನನಗೆ ಅಂದಿನಿಂದ ಅನುಮಾನವಿಲ್ಲ. ಮೊನ್ನೆ ಹೋದಾಗ ಹೊಂಗೆಮರದ ವಿಷಯ ಕೇಳಿದೆ. "ಇತ್ತೋ ಇಲ್ಲೋ... ಇರಲಿ ಬಿಡು. ನೆಟ್ಟೀಯಲ್ಲ, ನೀರು ಹಾಕು" ಎಂದಳು.

ಕೂಟದವರು ಮಾತ್ರ ನನ್ನನ್ನು ಹೊಗಳುತ್ತಾರೆ, ಬೇಕೆಂದೇ ತಪ್ಪು ಹೇಳಿ ಮಾತು ಬರಿಸಿದ ಜಾಣನೆಂದು. ನಾನು ನಕ್ಕುಬಿಡುತ್ತೇನೆ. ಅತ್ತೆ ಅತ್ತಳೆಂದು ಅಂದು ಯಾಕೆ ಹೇಳಿದೆ? ಅವಳನ್ನು ಕೆಣಕಲೆಂದೋ, ರಸ್ತೆಯಲ್ಲಿ ನಿಂತ ಬಸುರಿ ಅತ್ತಿರಲೇಬೇಕೆಂದು ಇಷ್ಟು ವರ್ಷ ಕೇಳಿಯೂ ನಾನು ನಂಬಿದ್ದರಿಂದಲೋ? ನನಗೆ ಗೊತ್ತಿಲ್ಲ.